ಕಾನೂನು ಶಾಲೆಯ ಪ್ರವೇಶದ್ವಾರ: ಒಂದು ಚಾರಿತ್ರಿಕ ವಿವೇಚನೆ

ಇತಿಹಾಸವನ್ನು ಬೋಧಿಸುವವನು ಕಾನೂನು ವ್ಯಾಸಂಗದ ಪ್ರವೇಶಕ್ರಮವನ್ನು ಕುರಿತು ಬರೆಯಹೊರಟಿರುವುದು ವಾಚಕರಿಗೆ ಅಪ್ರಸ್ತುತವೆಂದು ತೋರಬಹುದು. ಆದುದರಿಂದ ಇದಕ್ಕೆ ಕಾರಣವಾದ ಸಂಗತಿಯನ್ನು ಮೊದಲಿಗೇ ನಿವೇದಿಸಿಬಿಡುವುದು ಲೇಸು. 2023ರ ಏಪ್ರಿಲ್ ತಿಂಗಳಿನಲ್ಲಿ ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದ ಕೆಲವು ದಿನಗಳಿಗೆ, ನಾನು ಆಗ ಪಾಠ ಹೇಳುತ್ತಿದ್ದ ತಾಲ್ಲೂಕು ಕೇಂದ್ರದ ಕಾಲೇಜಿನ ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳು ತನ್ನ ತಂದೆಯೊಡನೆ ಬಂದು, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿಗೆ ಅರ್ಜಿ ಹಾಕುವ ಬಗೆ ಹೇಗೆಂದು ಕೇಳಿದಳು. ಆಕೆ ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದವಳು. ಪ್ರವೇಶ ಪರೀಕ್ಷೆಯು ಮೇ ತಿಂಗಳಿನ ಸುಮಾರಿಗೆ ನಡೆಯುವುದೆಂದು ನಾನು ಎಂದೋ ಕೇಳಿ ತಿಳಿದಿದ್ದೆ. ವಿಚಾರಿಸಿ ಹೇಳುವೆನೆಂದು ಧೈರ್ಯ ಕೊಟ್ಟು ಕಳುಹಿಸಿದೆ. ವಿಚಾರಿಸಿದಾಗ ತಿಳಿದುದೇನೆಂದರೆ, ಆ ಸಾಲಿನ ಪರೀಕ್ಷೆಯು 2022ರ ಡಿಸೆಂಬರ್ 18ರಂದೇ ನಡೆದುಹೋಗಿತ್ತು. ಅರ್ಜಿಯ ಅವಧಿಯು ತೆರೆದಿದ್ದ ದಿನಗಳಲ್ಲಿ ಆಕೆ ನನ್ನ ತರಗತಿಯ ಮೊದಲನೆಯ ಬೆಂಚಿನಲ್ಲಿಯೇ ಕುಳಿತಿದ್ದಳು. ನಾನು ಒಂದು ಮಾತನ್ನೂ ಹೇಳಿರಲಿಲ್ಲ. ತಪ್ಪು ಆಕೆಯದಲ್ಲ, ನನ್ನದು.

ಈ ತಪ್ಪಿನ ಮೂಲವನ್ನು ಹುಡುಕುತ್ತ ಹೋದಾಗ ಅದು ಒಬ್ಬ ಅಧ್ಯಾಪಕನ ಅಜ್ಞಾನಕ್ಕಿಂತ ದೊಡ್ಡದಾದ ಚರಿತ್ರೆಯೊಂದರ ಭಾಗವೆಂದು ನನಗೆ ಮನದಟ್ಟಾಯಿತು. ವಕೀಲಿ ವೃತ್ತಿಗೆ ಯೋಗ್ಯರನ್ನು ಆರಿಸುವ ದ್ವಾರವು ನಮ್ಮ ದೇಶದಲ್ಲಿ ಒಂದೇ ಎಡೆಯಲ್ಲಿ ನಿಂತಿಲ್ಲ. ಮೊದಲು ಅದು ವಿದ್ಯಾಭ್ಯಾಸದ ಕೊನೆಯಲ್ಲಿತ್ತು. ಈಗ ಪದವಿಪೂರ್ವ ಪರೀಕ್ಷೆಗಿಂತಲೂ ಹಿಂದಕ್ಕೆ ಸರಿದುಬಂದಿದೆ. ಈ ಸರಿಯುವಿಕೆಯನ್ನು ಅರಿಯದ ಅಧ್ಯಾಪಕನು, ದ್ವಾರವು ಮುಚ್ಚಿದ ಮೇಲೆ ಶಿಷ್ಯರನ್ನು ಅದರ ಮುಂದೆ ತಂದು ನಿಲ್ಲಿಸುತ್ತಾನೆ. ಆ ಸ್ಥಳಾಂತರದ ಕಥೆಯನ್ನೂ ಇಂದಿನ ಪ್ರವೇಶಕ್ರಮದ ಸ್ವರೂಪವನ್ನೂ ನಮ್ಮ ಕಾಲೇಜುಗಳ ಉಪಯೋಗಕ್ಕಾಗಿ ವಿವರಿಸುವುದು ಈ ಲೇಖನದ ಉದ್ದೇಶ.

1. ಹಿಂದಿನ ದ್ವಾರ

ಭಾರತದಲ್ಲಿ ಕಾನೂನನ್ನು ಕ್ರಮವಾಗಿ ಬೋಧಿಸುವ ತರಗತಿಗಳು 1855ರ ಸುಮಾರಿಗೆ ಮುಂಬಯಿ ಮೊದಲಾದ ಅಧಿಪತ್ಯದ ನಗರಗಳಲ್ಲಿ ಆರಂಭವಾದುವು. 1857ರಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದ ಬಳಿಕ ಅವಕ್ಕೆ ಪದವಿಯ ಮಾನ್ಯತೆಯೂ ದೊರೆಯಿತು. ಆದರೆ ಆ ಕಾಲದಲ್ಲಿ ಕಾನೂನು ತರಗತಿಗೆ ಸೇರುವುದು ಅಷ್ಟೇನೂ ಕಷ್ಟವಾಗಿರಲಿಲ್ಲ. ಕಷ್ಟವಿದ್ದುದು ನ್ಯಾಯಾಲಯದ ಬಾಗಿಲಿನಲ್ಲಿ. 1879ರ ಕಾನೂನು ವೃತ್ತಿಗಾರರ ಅಧಿನಿಯಮವು ಅಡ್ವೊಕೇಟ್, ವಕೀಲ, ಪ್ಲೀಡರ್, ಮುಖ್ತಾರ್ ಎಂಬ ದರ್ಜೆಗಳಿಗೆ ಸಂಬಂಧಿಸಿದ ವ್ಯವಸ್ಥೆಯನ್ನು ಕ್ರೋಡೀಕರಿಸಿತು. ಯಾರನ್ನು ಒಳಕ್ಕೆ ಬಿಡಬೇಕೆಂಬುದನ್ನು ಬಹುಮಟ್ಟಿಗೆ ಉಚ್ಚ ನ್ಯಾಯಾಲಯಗಳೇ ನಿರ್ಧರಿಸುತ್ತಿದ್ದುವು.

ಆ ದ್ವಾರವು ಎಷ್ಟು ಕಠಿನವಾಗಿತ್ತೆಂಬುದಕ್ಕೆ ಸ್ತ್ರೀಯರ ಅನುಭವವೇ ಸಾಕ್ಷಿ. ಕಾರ್ನೀಲಿಯಾ ಸೊರಾಬ್ಜಿಯವರು 1892ರಲ್ಲಿಯೇ ಆಕ್ಸ್‌ಫರ್ಡಿನಲ್ಲಿ ಕಾನೂನಿನ ಉನ್ನತ ಪರೀಕ್ಷೆಯನ್ನು ಮುಗಿಸಿದ್ದರೂ ವಕೀಲಿ ಮಾಡುವ ಅಧಿಕಾರಕ್ಕಾಗಿ ದಶಕಗಳ ಕಾಲ ಕಾಯಬೇಕಾಯಿತು. 1916ರಲ್ಲಿ ರೆಜೀನಾ ಗುಹಾ ಅವರ ಅರ್ಜಿಯನ್ನು ಕಲ್ಕತ್ತಾ ಉಚ್ಚ ನ್ಯಾಯಾಲಯವು ತಿರಸ್ಕರಿಸಿತು. ಅವರಿಗೆ ವಿದ್ಯಾರ್ಹತೆಯ ಕೊರತೆಯಿರಲಿಲ್ಲ, ಸ್ತ್ರೀಯೆಂಬುದೇ ಅಡ್ಡಿಯಾಯಿತು. 1923ರ ವಿಶೇಷ ಅಧಿನಿಯಮವು ಆ ಅಡ್ಡಿಯನ್ನು ತೆಗೆದುಹಾಕಿತು. ಇಲ್ಲಿ ಗಮನಿಸಬೇಕಾದುದೆಂದರೆ, ಅಂದಿನ ಬಾಗಿಲು ಅನ್ಯಾಯವಾದುದಾಗಿದ್ದರೂ ಕಣ್ಣಿಗೆ ಕಾಣುವಂತಿತ್ತು. ಹೊರಗೆ ನಿಂತವರಿಗೆ ತಾವು ಹೊರಗಿರುವೆವೆಂಬುದು ತಿಳಿದಿತ್ತು. ಆದುದರಿಂದಲೇ ಅದನ್ನು ತಟ್ಟಲು ಸಾಧ್ಯವಾಯಿತು.

ಕನ್ನಡನಾಡಿನವರಿಗೆ ಇದ್ದ ಕಷ್ಟ ಮತ್ತೊಂದು ಬಗೆಯದು. ಅದು ದೂರದ ಕಷ್ಟ. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರಲ್ಲಿಯೂ ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜು 1948ರಲ್ಲಿಯೂ ಸ್ಥಾಪಿತವಾಗುವವರೆಗೆ ನಮ್ಮ ತರುಣರು ಮದರಾಸು, ಮುಂಬಯಿ, ಪುಣೆಗಳಿಗೆ ಹೋಗಬೇಕಾಗಿತ್ತು. ಮುಂದೆ ಮುಖ್ಯಮಂತ್ರಿಗಳಾದ ಕೆಂಗಲ್ ಹನುಮಂತಯ್ಯನವರೂ ಎಸ್. ನಿಜಲಿಂಗಪ್ಪನವರೂ ಕಾನೂನನ್ನು ಓದಿದುದು ಪುಣೆಯಲ್ಲಿ. ಆದರೂ ಅವರು ಅಲ್ಲಿಗೆ ಹೋದುದು ಬಿ.ಎ. ಮುಗಿಸಿದ ಮೇಲೆ. ತಮ್ಮ ಶಕ್ತಿಯೇನು, ಆಸಕ್ತಿಯೇನು ಎಂಬುದನ್ನು ಅರಿಯಲು ಅವರಿಗೆ ಪದವಿ ತರಗತಿಯ ಕಾಲಾವಕಾಶವಿತ್ತು. 1961ರ ವಕೀಲರ ಅಧಿನಿಯಮವು ಹಳೆಯ ದರ್ಜೆಗಳ ಭೇದವನ್ನು ಅಳಿಸಿ ಒಂದೇ ವರ್ಗದ ವಕೀಲರನ್ನು ಸೃಷ್ಟಿಸಿದ ಮೇಲೆಯೂ, ಪದವಿಯಾದ ಬಳಿಕ ಕಾನೂನು ಎಂಬ ಕ್ರಮವು ಎರಡು ದಶಕಗಳಷ್ಟು ಕಾಲ ಹಾಗೆಯೇ ಉಳಿಯಿತು.

2. ದ್ವಾರವು ಹಿಂದಕ್ಕೆ ಸರಿದ ಬಗೆ

1980ರ ದಶಕದಲ್ಲಿ ಭಾರತೀಯ ವಕೀಲರ ಪರಿಷತ್ತು ಪದವಿಪೂರ್ವ ಹಂತವಾದೊಡನೆ ಆರಂಭವಾಗುವ ಐದು ವರ್ಷಗಳ ಸಂಯುಕ್ತ ಶಿಕ್ಷಣಕ್ರಮವನ್ನು ಬಳಕೆಗೆ ತಂದಿತು. ಸಂಜೆಯ ಹೊತ್ತು ಬಿಡುವಾದಾಗ ಓದುವ ವಿಷಯವಾಗಿ ಕಾನೂನು ಶಿಥಿಲವಾಗುತ್ತಿದೆಯೆಂಬುದೂ, ತಾರುಣ್ಯದಲ್ಲಿಯೇ ಪೂರ್ಣಕಾಲದ ಶಿಕ್ಷಣ ದೊರೆಯಬೇಕೆಂಬುದೂ ಇದರ ಹಿಂದಿನ ವಿಚಾರ. ಈ ವಿಚಾರಕ್ಕೆ ಮೂರ್ತರೂಪವನ್ನಿತ್ತುದು ಬೆಂಗಳೂರು. ಕರ್ನಾಟಕದ ಶಾಸಕಾಂಗವು ಅಂಗೀಕರಿಸಿದ 1986ರ ಅಧಿನಿಯಮದ ಮೇರೆಗೆ ಭಾರತೀಯ ರಾಷ್ಟ್ರೀಯ ಕಾನೂನು ಶಾಲೆಯು ವಿಶ್ವವಿದ್ಯಾನಿಲಯವಾಗಿ ಸ್ಥಾಪಿತವಾಯಿತು. ಡಾ. ಎನ್. ಆರ್. ಮಾಧವ ಮೆನನ್ನರು ಅದರ ಮೊದಲ ನಿರ್ದೇಶಕರು. 1988ರಲ್ಲಿ ಮೊದಲ ತಂಡದ ವಿದ್ಯಾರ್ಥಿಗಳು ಸೇರಿದರು. ಹೈದರಾಬಾದು, ಭೋಪಾಲ, ಕಲ್ಕತ್ತಾ, ಜೋಧಪುರ ಮೊದಲಾದೆಡೆಗಳಲ್ಲಿ ಮುಂದೆ ಹುಟ್ಟಿದ ಕಾನೂನು ವಿಶ್ವವಿದ್ಯಾನಿಲಯಗಳಿಗೆ ಇದೇ ಮಾದರಿಯಾಯಿತು.

ಈ ಸಂಸ್ಥೆಗಳು ಮೊದಲಿಗೆ ತಮ್ಮ ತಮ್ಮ ಪ್ರವೇಶ ಪರೀಕ್ಷೆಗಳನ್ನು ತಾವೇ ನಡೆಸುತ್ತಿದ್ದುವು. ಹದಿನೇಳು ವಯಸ್ಸಿನ ಹುಡುಗನೊಬ್ಬ ಒಂದೇ ಬೇಸಿಗೆಯಲ್ಲಿ ಹಲವು ಊರುಗಳಿಗೆ ಹಲವು ಶುಲ್ಕಗಳನ್ನು ತೆತ್ತು ತಿರುಗಬೇಕಾಗಿತ್ತು; ಕೆಲವೊಮ್ಮೆ ಪರೀಕ್ಷೆಯ ದಿನಗಳೂ ಒಂದಕ್ಕೊಂದು ತಾಗುತ್ತಿದ್ದುವು. 2006ರಲ್ಲಿ ಈ ಕಷ್ಟವನ್ನು ಮುಂದಿಟ್ಟುಕೊಂಡು ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಂದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅದರ ಫಲವಾಗಿ ಏಳು ವಿಶ್ವವಿದ್ಯಾನಿಲಯಗಳು 2007ರಲ್ಲಿ ಒಪ್ಪಂದ ಮಾಡಿಕೊಂಡು, 2008ರ ಮೇ ತಿಂಗಳಿನಲ್ಲಿ ಕ್ಲ್ಯಾಟ್ ಎಂದು ಪ್ರಸಿದ್ಧವಾಗಿರುವ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಮೊದಲ ಬಾರಿಗೆ ನಡೆಸಿದುವು. ಆ ವರ್ಷದ ಹೊಣೆ ಬೆಂಗಳೂರಿನದು. ಬಳಿಕ ಸ್ಥಾಪನೆಯ ಹಿರಿತನದಂತೆ ಒಂದೊಂದು ವರ್ಷ ಒಂದೊಂದು ಸಂಸ್ಥೆ ಈ ಭಾರವನ್ನು ಹೊತ್ತಿತು. ವರ್ಷಕ್ಕೊಂದು ಕೈ ಬದಲಾಗುವ ಕೆಲಸದಲ್ಲಿ ಲೋಪಗಳು ಸಹಜ. 2018ರಲ್ಲಿ ಗಣಕಯಂತ್ರದ ಮೂಲಕ ನಡೆದ ಪರೀಕ್ಷೆಯ ತಾಂತ್ರಿಕ ತೊಡಕುಗಳು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದುವು. 2017ರಲ್ಲಿ ರಚಿತವಾಗಿದ್ದ ವಿಶ್ವವಿದ್ಯಾನಿಲಯಗಳ ಒಕ್ಕೂಟವು ಅನಂತರ ಈ ಹೊಣೆಯನ್ನು ಶಾಶ್ವತವಾಗಿ ವಹಿಸಿಕೊಂಡು, 2019ರಿಂದ ಮತ್ತೆ ಕಾಗದದ ಮೇಲಿನ ಪರೀಕ್ಷೆಗೆ ಮರಳಿತು. ಇಂದು ಇಪ್ಪತ್ತಕ್ಕೂ ಹೆಚ್ಚು ವಿಶ್ವವಿದ್ಯಾನಿಲಯಗಳು ಇದರಲ್ಲಿವೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾನಿಲಯ ಮಾತ್ರ ತನ್ನದೇ ಪರೀಕ್ಷೆಯನ್ನು ಉಳಿಸಿಕೊಂಡಿದೆ.

ಅಲ್ಲಿಂದ ಮುಂದಿನ ಬದಲಾವಣೆಯು ನಮ್ಮಂಥವರ ಕಣ್ಣಿಗೆ ಬೀಳದೆ ನಡೆದುಹೋಯಿತು. 2022ರಲ್ಲಿ ಎರಡು ಬಾರಿ ಕ್ಲ್ಯಾಟ್ ನಡೆಯಿತು. ಜೂನ್ 19ರಂದು ನಡೆದುದು ಆ ವರ್ಷದ ಪ್ರವೇಶಕ್ಕೆ. ಡಿಸೆಂಬರ್ 18ರಂದು ನಡೆದುದು ಮರುವರ್ಷದ ಪ್ರವೇಶಕ್ಕೆ. ಅಂದಿನಿಂದ ಡಿಸೆಂಬರ್ ತಿಂಗಳೇ ರೂಢಿಯಾಗಿದೆ: 2023ರಲ್ಲಿ ಡಿಸೆಂಬರ್ 3, 2024ರಲ್ಲಿ ಡಿಸೆಂಬರ್ 1, 2025ರಲ್ಲಿ ಡಿಸೆಂಬರ್ 7. ಅರ್ಜಿಗಳು ಜುಲೈ ಅಥವಾ ಆಗಸ್ಟಿನಲ್ಲಿ ತೆರೆದು ಅಕ್ಟೋಬರ್ ಅಥವಾ ನವೆಂಬರಿನಲ್ಲಿ ಮುಚ್ಚುತ್ತವೆ. ಎಂದರೆ, ಪದವಿಪೂರ್ವ ಎರಡನೆಯ ವರ್ಷದ ಪಾಠಗಳು ಇನ್ನೂ ಅರ್ಧಕ್ಕೆ ಬಂದಿರುವಾಗಲೇ ದ್ವಾರವು ತೆರೆದು ಮುಚ್ಚಿಕೊಂಡಿರುತ್ತದೆ. ಮಾರ್ಚಿಯಲ್ಲಿ ಪರೀಕ್ಷೆ, ಏಪ್ರಿಲಿನಲ್ಲಿ ಫಲಿತಾಂಶ, ಆಮೇಲೆ ಮುಂದೇನೆಂಬ ಚಿಂತೆ—ಇದು ನಮ್ಮ ಗ್ರಾಮಾಂತರ ಮನೆಗಳ ಪಂಚಾಂಗ. ಈ ಎರಡು ಪಂಚಾಂಗಗಳ ನಡುವಿನ ಐದು ತಿಂಗಳ ಅಂತರದಲ್ಲಿಯೇ ನನ್ನ ವಿದ್ಯಾರ್ಥಿನಿಯ ಅವಕಾಶವು ಕಳೆದುಹೋದುದು.

3. ಪರೀಕ್ಷೆಯ ಸ್ವರೂಪ

ಪ್ರವೇಶ ಪರೀಕ್ಷೆಯು ಕಾನೂನಿನ ಜ್ಞಾನವನ್ನು ಪರೀಕ್ಷಿಸುವುದೆಂಬ ಭಾವನೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. 2020ರಿಂದೀಚೆಗೆ ಅದು ಮುಖ್ಯವಾಗಿ ಓದಿ ಗ್ರಹಿಸುವ ಶಕ್ತಿಯ ಪರೀಕ್ಷೆಯಾಗಿದೆ. ಪ್ರಶ್ನೆಗಳು 150 ಇದ್ದುದು, 2023ರ ಡಿಸೆಂಬರ್ ಪರೀಕ್ಷೆಯಿಂದ 120ಕ್ಕೆ ಇಳಿದಿವೆ. ಅವಧಿ 2 ಗಂಟೆ. ಇಂಗ್ಲಿಷ್ ಭಾಷೆಗೆ 22ರಿಂದ 26, ಪ್ರಚಲಿತ ವಿದ್ಯಮಾನ ಮತ್ತು ಸಾಮಾನ್ಯ ಜ್ಞಾನಕ್ಕೆ 28ರಿಂದ 32, ಕಾನೂನು ತರ್ಕಕ್ಕೆ 28ರಿಂದ 32, ಸಾಮಾನ್ಯ ತರ್ಕಕ್ಕೆ 22ರಿಂದ 26, ಸರಳ ಗಣಿತಕ್ಕೆ 10ರಿಂದ 14 ಪ್ರಶ್ನೆಗಳು. ಸುಮಾರು 450 ಪದಗಳ ಗದ್ಯಭಾಗವನ್ನು ಕೊಟ್ಟು ಅದರ ಮೇಲೆ ಪ್ರಶ್ನೆಗಳನ್ನು ಕೇಳುವುದು ಕ್ರಮ. ಸರಿಯುತ್ತರಕ್ಕೆ 1 ಅಂಕ, ತಪ್ಪಿಗೆ 0.25 ಕಡಿತ.

ಈ ಕಡಿತವನ್ನು ಕುರಿತು ಒಂದು ಮಾತು. ಇದಕ್ಕೆ ಹೆದರಿ ಅನೇಕರು ಪ್ರಶ್ನೆಗಳನ್ನು ಬಿಟ್ಟುಬಿಡುವರು. ನಾಲ್ಕು ಉತ್ತರಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸಿದರೆ, 24 ಪ್ರಶ್ನೆಗಳಲ್ಲಿ ಸರಾಸರಿ 6 ಸರಿ, 18 ತಪ್ಪು. 6 ಅಂಕದಲ್ಲಿ 4.5 ಕಳೆದು ಒಂದೂವರೆ ಉಳಿಯುವುದು. ಇದು ಅತ್ಯಲ್ಪ. ಆದರೆ ಒಂದು ಉತ್ತರವು ತಪ್ಪೆಂದು ಖಚಿತವಾಗಿ ತೆಗೆದುಹಾಕಬಲ್ಲವನು ಅದೇ 24 ಪ್ರಶ್ನೆಗಳಲ್ಲಿ 8 ಸರಿ, 16 ತಪ್ಪು ಮಾಡಿ 4 ಅಂಕ ಗಳಿಸುವನು. ಆದುದರಿಂದ ಅರ್ಧ ತಿಳಿದ ಪ್ರಶ್ನೆಯನ್ನು ಬಿಡುವುದು ವಿವೇಕವಲ್ಲ.

ಕಾನೂನು ತರ್ಕದ ಭಾಗವು ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಾದುದು. ಅದರ ಬಗೆಯನ್ನು ತೋರಿಸಲು ನಾನೇ ಕಲ್ಪಿಸಿಕೊಂಡ ಒಂದು ದೃಷ್ಟಾಂತವನ್ನು ಕೊಡುತ್ತೇನೆ. ಗದ್ಯಭಾಗದಲ್ಲಿ ಈ ನಿಯಮವಿದೆಯೆಂದು ಇಟ್ಟುಕೊಳ್ಳೋಣ: ತನ್ನ ಜಮೀನಿನಲ್ಲಿ ಅಸಹಜ ರೀತಿಯಲ್ಲಿ ಅಪಾಯಕರ ವಸ್ತುವನ್ನು ಸಂಗ್ರಹಿಸಿದವನು, ಅದು ಹೊರಕ್ಕೆ ಹರಿದು ನೆರೆಯವನಿಗೆ ಹಾನಿ ಮಾಡಿದರೆ, ಎಷ್ಟೇ ಎಚ್ಚರಿಕೆ ವಹಿಸಿದ್ದರೂ ಹೊಣೆಗಾರನಾಗುವನು, ಆದರೆ ಅಪರಿಚಿತನೊಬ್ಬನ ಕೃತ್ಯದಿಂದ ಹಾಗಾದರೆ ಹೊಣೆಗಾರನಲ್ಲ. ಈಗ ಸಂಗತಿ: ಒಬ್ಬ ಜಮೀನುದಾರನು ಭಾರಿ ಹೊಂಡವೊಂದನ್ನು ಕಟ್ಟಿಸಿ ನೀರು ತುಂಬಿಸಿದನು, ಅದರ ಏರಿಯನ್ನು ತಜ್ಞರಿಂದ ಪರೀಕ್ಷೆಯನ್ನೂ ಮಾಡಿಸಿದನು. ಒಂದು ರಾತ್ರಿ ಏರಿ ಒಡೆದು ನೆರೆಯವನ ಅಡಕೆ ತೋಟವು ಕೊಚ್ಚಿಹೋಯಿತು. ಹೊಣೆ ಯಾರದು?

ಒಳ್ಳೆಯ ಮನಸ್ಸಿನ ಹುಡುಗನು, ಪಾಪ, ಅವನು ಎಚ್ಚರಿಕೆಯಿಂದಲೇ ಇದ್ದನಲ್ಲ ಎಂದು ಅವನನ್ನು ಬಿಟ್ಟುಬಿಡುವನು. ಅದು ತಪ್ಪುತ್ತರ, ಎಚ್ಚರಿಕೆಯು ರಕ್ಷಣೆಯಲ್ಲವೆಂದು ನಿಯಮವೇ ಹೇಳಿದೆ. ಯಾರೋ ದಾರಿಹೋಕನು ಏರಿಯನ್ನು ಕಡಿದುಹೋದನೆಂದು ಸಂಗತಿಯನ್ನು ಬದಲಾಯಿಸಿದರೆ ಉತ್ತರವೂ ಬದಲಾಗುವುದು. ಇಂಗ್ಲೆಂಡಿನ ಪ್ರಭುಗಳ ಸಭೆಯು 1868ರಲ್ಲಿ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಮೊಕದ್ದಮೆಯಲ್ಲಿ ಎತ್ತಿಹಿಡಿದ ತತ್ತ್ವಕ್ಕೆ ಮುಂದಿನ ತೀರ್ಪುಗಳು ಸೇರಿಸಿದ ವಿನಾಯಿತಿಯೊಂದರೊಡನೆ ಈ ನಿಯಮವು ರೂಪಗೊಂಡಿದೆ. ನಮ್ಮ ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ, ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಅನಿಲ ಸೋರಿದ ಪ್ರಕರಣದಲ್ಲಿ, ಅಪಾಯಕರ ಉದ್ಯಮಗಳಿಗೆ ಇಂಥ ವಿನಾಯಿತಿಗಳು ಸಲ್ಲವೆಂದು ಹೇಳಿತು. ಇದನ್ನು ಬಲ್ಲ ವಿದ್ಯಾರ್ಥಿಯು ತನ್ನ ಜ್ಞಾನವನ್ನು ಇಲ್ಲಿ ಬಳಸಹೋದರೆ ಆಗಲೂ ತಪ್ಪುವನು. ಗದ್ಯಭಾಗವು ಕೊಟ್ಟ ನಿಯಮವೇ ಆ ಪ್ರಶ್ನೆಯ ಮಟ್ಟಿಗೆ ಕಾನೂನು.

ಇತಿಹಾಸದ ಅಧ್ಯಾಪಕರಿಗೆ ಇದು ಹೊಸತೇನೂ ಅಲ್ಲ. ಶಾಸನವೊಂದನ್ನು ಓದಿಸುವಾಗ, ಶಾಸನವು ಹೇಳುವುದೇನು, ನಾವು ಅದರ ಮೇಲೆ ಹೊರಿಸುವುದೇನು ಎಂದು ಬೇರ್ಪಡಿಸಲು ನಾವು ಕಲಿಸುತ್ತೇವೆ. ಈ ಪರೀಕ್ಷೆಯು ಬೇಡುವುದೂ ಅದೇ ಶಿಸ್ತನ್ನು. ಆದುದರಿಂದ ಕಲಾ ವಿಭಾಗದ ವಿದ್ಯಾರ್ಥಿಯು ತರ್ಕಶಕ್ತಿಯಲ್ಲಿ ಹಿಂದೆಂಬುದು ಮಿಥ್ಯೆ. ಅವನ ನಿಜವಾದ ತೊಡಕು ಬೇರೆಡೆಯಲ್ಲಿದೆ.

4. ಭಾಷೆ, ನಾಡು ಮತ್ತು ಹಣ

ಆ ತೊಡಕು ಭಾಷೆಯದು. ಕ್ಲ್ಯಾಟ್ ಪರೀಕ್ಷೆಯು ನಡೆದುಬಂದಿರುವುದು ಇಂಗ್ಲಿಷಿನಲ್ಲಿ ಮಾತ್ರ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನೂ ಎಂಜಿನಿಯರಿಂಗಿನ ಜೆ.ಇ.ಇ. ಮೇನ್ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಲು ಅವಕಾಶ ಕಲ್ಪಿಸಿರುವಾಗ, ಜನರ ವ್ಯಾಜ್ಯಗಳನ್ನು ಜನರ ನುಡಿಯಲ್ಲಿ ಕೇಳಬೇಕಾದ ವೃತ್ತಿಯ ದ್ವಾರದಲ್ಲಿ ಆ ಅವಕಾಶವಿಲ್ಲದಿರುವುದು ವಿಚಾರಾರ್ಹ. ಪ್ರಾದೇಶಿಕ ಭಾಷೆಗಳಲ್ಲಿಯೂ ಪರೀಕ್ಷೆ ನಡೆಯಬೇಕೆಂದು 2023ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಅರ್ಜಿಯೊಂದು ದಾಖಲಾಯಿತು. ಶಾಲೆಯೊಳಗಿನ ಪಾಠವು ಇಂಗ್ಲಿಷಿನಲ್ಲಿರುವಾಗ ಪರೀಕ್ಷೆಯೂ ಹಾಗೆಯೇ ಇರಬೇಕೆಂಬ ಪ್ರತಿವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಐದು ವರ್ಷಗಳಲ್ಲಿ ಕಲಿಯಬಹುದಾದುದನ್ನು ಮೊದಲ ದಿನವೇ ತರಬೇಕೆಂದು ಕೇಳುವುದು ನ್ಯಾಯವೇ ಎಂಬ ಪ್ರಶ್ನೆ ಉಳಿದೇ ಉಳಿಯುವುದು.

ನಾಡಿನ ಪ್ರಶ್ನೆಯೂ ಇದೆ. ಬೆಂಗಳೂರಿನ ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ನೂರಕ್ಕೆ 25 ಸ್ಥಾನಗಳನ್ನು ಮೀಸಲಿಡಬೇಕೆಂದು ರಾಜ್ಯ ಶಾಸಕಾಂಗವು 2020ರಲ್ಲಿ ತಿದ್ದುಪಡಿ ತಂದಿತು. ರಾಜ್ಯದ ಮಾನ್ಯ ಸಂಸ್ಥೆಗಳಲ್ಲಿ 10 ವರ್ಷಗಳಿಗೆ ಕಡಮೆಯಿಲ್ಲದೆ ಓದಿದವರು ಇದಕ್ಕೆ ಅರ್ಹರು. ಅದೇ ವರ್ಷ ಸೆಪ್ಟೆಂಬರ್ 29ರಂದು ಕರ್ನಾಟಕ ಉಚ್ಚ ನ್ಯಾಯಾಲಯವು, ಆ ಅಧಿಕಾರವು ವಿಶ್ವವಿದ್ಯಾನಿಲಯದ ಆಡಳಿತಾಂಗಕ್ಕೆ ಸೇರಿದುದೆಂಬುದೇ ಮೊದಲಾದ ಕಾರಣಗಳಿಂದ ತಿದ್ದುಪಡಿಯನ್ನು ರದ್ದುಪಡಿಸಿತು. ಅದಕ್ಕೆ ಎಂಟು ದಿನ ಮುಂಚೆಯಷ್ಟೇ, ಶಾಲೆಯು ಕ್ಲ್ಯಾಟ್ ಅನ್ನು ಬಿಟ್ಟು ತಾನಾಗಿ ನಡೆಸಿದ್ದ ಪ್ರತ್ಯೇಕ ಪರೀಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯವು ಅಸಿಂಧುವೆಂದು ಸಾರಿತ್ತು. 2021ರಿಂದ ವಿಶ್ವವಿದ್ಯಾನಿಲಯವು ತಾನೇ ತನ್ನ ಯೋಜನೆಯೊಂದರ ಮೂಲಕ ಕರ್ನಾಟಕದ ವಿದ್ಯಾರ್ಥಿಗಳಿಗೆ ಅಷ್ಟೇ ಪ್ರಮಾಣದ ಮೀಸಲಾತಿಯನ್ನು ಒದಗಿಸಿತು. ಮೊದಲು ತಂಡವೊಂದಕ್ಕೆ 80 ಇದ್ದ ಸ್ಥಾನಗಳು 2020ರಲ್ಲಿ 120ಕ್ಕೆ ಏರಿ, ಅನಂತರ ಇನ್ನೂ ಹೆಚ್ಚಿವೆ. ಹೀಗೆ ಬಾಗಿಲು ಅಗಲವಾಗಿದೆಯೆಂಬುದು ನಿಜ. ಆದರೆ ಅಗಲವಾದ ಬಾಗಿಲೂ ಡಿಸೆಂಬರಿನಲ್ಲಿಯೇ ಮುಚ್ಚುವುದು.

ಅರ್ಜಿಯ ಶುಲ್ಕವು ಇತ್ತೀಚಿನ ಸಾಲುಗಳಲ್ಲಿ ಸಾಮಾನ್ಯವಾಗಿ 4,000 ರೂಪಾಯಿ; ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಬಡತನ ರೇಖೆಗಿಂತ ಕೆಳಗಿನವರಿಗೆ 3,500. ಫಲಿತಾಂಶದ ಬಳಿಕ ಸ್ಥಾನ ಹಂಚಿಕೆಗೆ ಹೆಸರು ನೋಂದಾಯಿಸುವಾಗ ಇನ್ನೂ ದೊಡ್ಡ ಮೊತ್ತವನ್ನು ಮುಂಗಡವಾಗಿ ಕಟ್ಟಬೇಕು. ನಗರದ ತರಬೇತಿ ಕೇಂದ್ರಗಳ ಶುಲ್ಕವನ್ನು ಇಲ್ಲಿ ಹೇಳಹೊರಡುವುದಿಲ್ಲ. ಕೂಲಿಯಿಂದ ಬದುಕುವ ಮನೆಯೊಂದಕ್ಕೆ ಅರ್ಜಿಯ ಹಣವೇ ಒಂದು ತಿಂಗಳ ದಿನಸಿಗೆ ಸಮ. ಈ ಅಸಮತೆಯನ್ನು ಕಂಡು ಕೈಕಟ್ಟಿ ಕೂರದೆ ಇದ್ದವರಲ್ಲಿ ಬೆಂಗಳೂರಿನ ಶಾಲೆಯಲ್ಲಿಯೇ ಓದಿದ್ದ ಪ್ರೊ. ಶಮ್ನಾದ್ ಬಷೀರರು ಸ್ಮರಣೀಯರು. 2010ರಲ್ಲಿ ಅವರು ಆರಂಭಿಸಿದ ಇಡಿಯಾ ಎಂಬ ಸಂಸ್ಥೆಯು ಹಿಂದುಳಿದ ಹಿನ್ನೆಲೆಯ ಮಕ್ಕಳನ್ನು ಆರಿಸಿ, ಪ್ರವೇಶ ಪರೀಕ್ಷೆಗೆ ಸಿದ್ಧಗೊಳಿಸುವ ಕಾರ್ಯವನ್ನು ಕೈಗೊಂಡಿತು. ಪರೀಕ್ಷೆಯ ಲೋಪಗಳನ್ನು ಕುರಿತು 2015ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕವರೂ ಅವರೇ. 2019ರಲ್ಲಿ ಅವರು ಅಕಾಲದಲ್ಲಿ ತೀರಿಕೊಂಡರು.

5. ಅಧ್ಯಾಪಕರು ಮಾಡಬಹುದಾದುದು

ಇಷ್ಟನ್ನೂ ಹೇಳಿದ ಮೇಲೆ ನಮ್ಮ ಕರ್ತವ್ಯವೇನು? ಎಲ್ಲರೂ ಈ ಶಾಲೆಗಳಿಗೇ ಹೋಗಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಓದಿ ಜಿಲ್ಲಾ ನ್ಯಾಯಾಲಯಗಳಲ್ಲಿ ಗೌರವದಿಂದ ದುಡಿಯುತ್ತಿರುವ ವಕೀಲರನ್ನು ನಾವೆಲ್ಲರೂ ಬಲ್ಲೆವು. ಆದರೆ ಹೋಗದಿರುವುದು ವಿದ್ಯಾರ್ಥಿಯ ಆಯ್ಕೆಯಾಗಿರಬೇಕು. ತಿಳಿಯದೆ ಉಂಟಾದ ನಷ್ಟವಾಗಿರಕೂಡದು.

ಮೊದಲನೆಯದಾಗಿ, ಪ್ರಥಮ ಪಿ.ಯು.ಸಿ. ತರಗತಿಯಲ್ಲಿಯೇ ಈ ಪರೀಕ್ಷೆಯ ಹೆಸರನ್ನೂ ತಿಂಗಳನ್ನೂ ತಿಳಿಸಬೇಕು. ದ್ವಿತೀಯ ವರ್ಷದ ಜುಲೈ ತಿಂಗಳಿನಲ್ಲಿ ಕಾಲೇಜಿನ ಸೂಚನಾಫಲಕದ ಮೇಲೆ ಅರ್ಜಿಯ ದಿನಾಂಕಗಳಿರಬೇಕು. ಅರ್ಹತೆಯು ಹೆಚ್ಚಿನದೇನಲ್ಲ: ಪದವಿಪೂರ್ವ ಪರೀಕ್ಷೆಯಲ್ಲಿ ನೂರಕ್ಕೆ 45, ಪರಿಶಿಷ್ಟ ಜಾತಿ ಪಂಗಡಗಳವರಿಗೆ 40, ಗರಿಷ್ಠ ವಯಸ್ಸಿನ ಮಿತಿಯಿಲ್ಲ, ಆ ಪರೀಕ್ಷೆಗೆ ಓದುತ್ತಿರುವವರೂ ಅರ್ಜಿ ಹಾಕಬಹುದು. ಎರಡನೆಯದಾಗಿ, ಕರ್ನಾಟಕದ ವಿದ್ಯಾರ್ಥಿಯೆಂಬ ಹಕ್ಕನ್ನು ಕೇಳುವವರು ವ್ಯಾಸಂಗ ಪ್ರಮಾಣಪತ್ರಗಳನ್ನು ಮುಂಚಿತವಾಗಿ ಕೂಡಿಸಿಕೊಳ್ಳುವಂತೆ ನೋಡಿಕೊಳ್ಳಬೇಕು. ಮೂರು ಊರುಗಳ ಶಾಲೆಗಳಲ್ಲಿ ಓದಿದ ಮಗುವಿಗೆ ಹತ್ತು ವರ್ಷಗಳ ದಾಖಲೆ ಒಂದು ದಿನದಲ್ಲಿ ಸಿಕ್ಕುವುದಿಲ್ಲ. ಮೂರನೆಯದಾಗಿ, ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನು ಓದಿಸಿ, ಬರೆದವನು ಏನನ್ನು ಸಾಧಿಸುತ್ತಿದ್ದಾನೆ, ಯಾವ ಆಧಾರದಿಂದ ಎಂದು ಕನ್ನಡದಲ್ಲಿಯೇ ಚರ್ಚಿಸಬೇಕು. ಗ್ರಹಿಕೆಯು ತಾಯ್ನುಡಿಯಲ್ಲಿ ಗಟ್ಟಿಯಾದರೆ ಪರನುಡಿಯ ವೇಗವು ಅಭ್ಯಾಸದಿಂದ ಬರುವುದು. ಇವಾವುದಕ್ಕೂ ತರಬೇತಿ ಕೇಂದ್ರ ಬೇಕಿಲ್ಲ. ದಿನಕ್ಕೆ ಅರ್ಧ ಗಂಟೆಯ ಬಿಡುವು ಸಾಕು.

ಕೊನೆಯದಾಗಿ, ಪದವಿ ಕಾಲೇಜುಗಳ ಅಧ್ಯಾಪಕರು ವಿಶೇಷವಾಗಿ ಅರಿತಿರಬೇಕಾದ ಸಂಗತಿಯೊಂದಿದೆ. ಬೆಂಗಳೂರಿನ ಶಾಲೆಯು 2022ರಿಂದ ಪದವೀಧರರಿಗಾಗಿ ಮೂರು ವರ್ಷಗಳ ಎಲ್‌ಎಲ್.ಬಿ. ಶಿಕ್ಷಣವನ್ನು ಆರಂಭಿಸಿದೆ. ಅದರ ಪ್ರವೇಶಕ್ಕೆ ಕ್ಲ್ಯಾಟ್ ಅಲ್ಲ, ಎನ್.ಎಲ್.ಎಸ್.ಎ.ಟಿ. ಎಂಬ ಬೇರೆಯ ಪರೀಕ್ಷೆ. ಅಲ್ಲಿ ಗುರುತುಹಾಕುವ ಪ್ರಶ್ನೆಗಳಲ್ಲದೆ ಬರೆದು ಉತ್ತರಿಸುವ ಪ್ರಶ್ನೆಗಳೂ ಇರುತ್ತವೆ. ಎಂದರೆ, ಹನುಮಂತಯ್ಯನವರೂ ನಿಜಲಿಂಗಪ್ಪನವರೂ ಪ್ರವೇಶಿಸಿದ ಹಳೆಯ ಬಾಗಿಲು, ಪದವಿಯ ಆಚೆಗಿನ ಬಾಗಿಲು, ಮತ್ತೊಮ್ಮೆ ತೆರೆದಿದೆ.

2023ರಲ್ಲಿ ನನ್ನ ಬಳಿಗೆ ಬಂದ ಆ ವಿದ್ಯಾರ್ಥಿನಿಯು ಆ ವರ್ಷ ಬಿ.ಎ. ತರಗತಿಗೆ ಸೇರಿದಳು. ನಾನು ಹೇಳಬೇಕಾಗಿದ್ದುದನ್ನು ಹೇಳದೆ ಇದ್ದುದಕ್ಕೆ ಆಕೆಯಾಗಲಿ ಆಕೆಯ ತಂದೆಯಾಗಲಿ ಒಂದು ಮಾತನ್ನೂ ಆಡಲಿಲ್ಲ. ತಡವಾಯಿತೆಂದು ತಿಳಿಸಿದಾಗ, ಆಗಲಿ ಸಾರ್ ಎಂದಷ್ಟೇ ಹೇಳಿ ನಮಸ್ಕರಿಸಿ ಹೊರಟರು. ಮೂರು ವರ್ಷಗಳ ಶಿಕ್ಷಣದ ವಿವರಗಳನ್ನು ಈ ಬಾರಿ ಆಕೆ ಕೇಳುವ ಮುನ್ನವೇ ನಾನು ಬರೆದು ಕಳುಹಿಸಿದ್ದೇನೆ.